ಡ್ರಾಕೋದಿಂದ ಗಾಮಾ ಜಾಸ್ತಿ ಬರ್ತಾ ಉಂಟು: ಡಾರ್ಕ್ ಮ್ಯಾಟರಾ, ನನ್ನ ತಪ್ಪಾ?

ಉಡುಪಿ_ಮಳೆಗಾಲ:
ಇಲ್ಲಿ ಎರಡು ವಾರದಿಂದ ಮಳೆ. ಟೆಲಿಸ್ಕೋಪು ಕವರಿನೊಳಗೇ ಇದೆ. ಗಾಮಾ ಕಿರಣ ನೋಡುವ ಫರ್ಮಿ ಉಪಗ್ರಹಕ್ಕೆ ಮೋಡದ ಕಾಟ ಇಲ್ಲವಲ್ಲ, ಅದರ ಡೇಟಾ ಇಳಿಸಿಕೊಂಡೆ. ಡ್ರಾಕೋ ಕುಬ್ಜ ಗ್ಯಾಲಕ್ಸಿಯ ಸುತ್ತ 10 ಡಿಗ್ರಿ, 100 ಎಂಇವಿಯಿಂದ (ಫೋಟಾನಿನ ಶಕ್ತಿಯ ಅಳತೆ) ಮೇಲೆ. ಹಿನ್ನೆಲೆ ಮಾಡೆಲ್, ಕ್ಯಾಟಲಾಗಿನ ಮೂಲಗಳು ಎಲ್ಲ ಹಾಕಿ ಫಿಟ್ ಮಾಡಿದರೂ 300 ಎಂಇವಿ ಒಳಗೆ ಫೋಟಾನು ಉಳಿಯುತ್ತಿವೆ. ಡಾರ್ಕ್ ಮ್ಯಾಟರ್ ಕಣಗಳು ಒಂದಕ್ಕೊಂದು ಬಡಿದು ಇಲ್ಲವಾದರೆ ಗಾಮಾ ಹೊಮ್ಮಬಹುದು ಅಂತಾರಲ್ಲ, ಅದೇನಾ ಇದು? ಎರಡು ರಾತ್ರಿ ನಿದ್ದೆ ಇಲ್ಲ.

ಕುಡ್ಲ_ಗಾಮಾ:
ಮೊದಲು ನಿದ್ದೆ ಮಾಡಿ ಮಾರಾಯ್ರೆ. ಉಳಿದದ್ದು ಡ್ರಾಕೋ ಮೇಲೇ ಗುಂಪಾಗಿದೆಯಾ? ಜೀನಿತ್ ಮಿತಿ, ಅಂದರೆ ನೆತ್ತಿಯಿಂದ ಎಷ್ಟು ಡಿಗ್ರಿವರೆಗಿನ ಫೋಟಾನು ತೆಗೆದುಕೊಳ್ಳುವುದು ಅನ್ನೋದು, ಎಷ್ಟು ಕೊಟ್ಟಿದ್ದೀರಿ?

ಉಡುಪಿ_ಮಳೆಗಾಲ:
ಗುಂಪಿಲ್ಲ, ಒಂದು ಬದಿಗೆ ಹರಡಿದೆ. ಮಿತಿ 180 ಅಂತ ಇತ್ತು, ಮುಟ್ಟಲಿಲ್ಲ.

ಕುಡ್ಲ_ಗಾಮಾ:
ಸಿಕ್ಕಿತು. ನೀವು ನೋಡಿದ್ದು ಭೂಮಿಯ ಅಂಚು. ಕಾಸ್ಮಿಕ್ ಕಿರಣ ನಮ್ಮ ವಾತಾವರಣಕ್ಕೆ ಬಡಿದಾಗಲೂ ಗಾಮಾ ಹುಟ್ಟುತ್ತದೆ, ಅದೂ ಧಾರಾಳವಾಗಿ. ಫರ್ಮಿಯಿಂದ ನೋಡಿದರೆ ಆ ಅಂಚು ನೆತ್ತಿಯಿಂದ ಸುಮಾರು 113 ಡಿಗ್ರಿಯಲ್ಲಿ. ಮಲ್ಪೆಯಲ್ಲಿ ರಾತ್ರಿ ಕಡಲಂಚಿಗೆ ಬೋಟಿನ ದೀಪಗಳು ಸಾಲಾಗಿ ಇರ್ತಾವಲ್ವಾ, ಆ ಕಡೆ ಮಿಣುಕುಹುಳ ಹುಡುಕಿದ ಹಾಗೆ ಆಯಿತು.

ಮಿತಿ 90 ಮಾಡಿ. ಅಂಚು 113ರಲ್ಲಿದ್ದರೆ 90 ಯಾಕೆ ಅಂದರೆ, 100 ಎಂಇವಿಯಲ್ಲಿ ಫೋಟಾನಿನ ದಿಕ್ಕೇ 3 ಡಿಗ್ರಿಗೂ ಜಾಸ್ತಿ ಮಸುಕು, ಅದರ ಬಾಲ ಇನ್ನೂ ಉದ್ದ. 1 ಜಿಇವಿಯಲ್ಲಿ (1000 ಎಂಇವಿ) ಮಸುಕು 1 ಡಿಗ್ರಿಯೊಳಗೆ ಬರುತ್ತದೆ. ಹಾಗಾಗಿ 500 ಎಂಇವಿಯಿಂದ ಶುರು ಮಾಡಿದರೂ ನಷ್ಟವಿಲ್ಲ. ಫೋಟಾನು ಆರಿಸುವ ಪ್ರೋಗ್ರಾಮ್ ಜಿಟಿಸೆಲೆಕ್ಟ್‌ನಲ್ಲಿ ಮಾತ್ರ ಬದಲಿಸಿ ಬಿಡಬೇಡಿ. ಯಾವ ದಿಕ್ಕನ್ನು ಎಷ್ಟು ಹೊತ್ತು ನೋಡಿತು ಅಂತ ಲೆಕ್ಕ ಹಾಕುವ ಜಿಟಿಎಲ್‌ಟಿಕ್ಯೂಬ್‌ಗೂ ಅದೇ 90 ಕೊಟ್ಟು, ಎಕ್ಸ್‌ಪೋಶರ್ ಮತ್ತೆ ಲೆಕ್ಕ ಹಾಕಿ. ನಾನು ಇದನ್ನು ಮರೆತು ಒಂದು ವಾರ ಕಳೆದಿದ್ದೆ.

ಡಾರ್ಕ್ ಮ್ಯಾಟರ್ ಹುಡುಕಲು ಡ್ರಾಕೋ ಆರಿಸಿದ್ದು ಸರಿಯೇ. ನಕ್ಷತ್ರ, ಅನಿಲ ಕಡಿಮೆ, ಬೇರೆ ಗಾಮಾದ ಗಲಾಟೆ ಇಲ್ಲ. ಗ್ಯಾಲಕ್ಸಿ ಕೇಂದ್ರದಲ್ಲಿ ಕೆಲವು ಜಿಇವಿಯ ಹೆಚ್ಚುವರಿ ಗಾಮಾ 2009ರಲ್ಲೇ ಕಂಡಿದೆ. ಆದರೆ ಮಿಲಿಸೆಕೆಂಡ್ ಪಲ್ಸಾರುಗಳ (ಸೆಕೆಂಡಿಗೆ ನೂರಾರು ಸಲ ತಿರುಗುವ ನಕ್ಷತ್ರದ ಅವಶೇಷ) ಸ್ಪೆಕ್ಟ್ರಮ್ಮೂ ಅಂಥದ್ದೇ, ಜಗಳ ಇನ್ನೂ ಮುಗಿದಿಲ್ಲ. ಕುಬ್ಜ ಗ್ಯಾಲಕ್ಸಿಗಳಲ್ಲಿ ಗಟ್ಟಿ ಸಂಕೇತ ಸಿಕ್ಕಿಲ್ಲ.

ಉಡುಪಿ_ಮಳೆಗಾಲ:
ಕರೆಂಟು ಎರಡು ಸಲ ಹೋಯಿತು, ಆದರೂ ಮುಗಿಸಿದೆ. ಹೆಚ್ಚುವರಿ ಮಾಯ! ಸ್ವಲ್ಪ ಬೇಜಾರೂ ಆಯಿತು. ಡ್ರಾಕೋದಿಂದ ಇದಕ್ಕಿಂತ ಜಾಸ್ತಿ ಗಾಮಾ ಇರಲಾರದು ಅನ್ನುವ ಮೇಲ್ಮಿತಿಯಾದರೂ ತೆಗೆಯೋಣ ಅಂತ, ಹೇಗೆ?

ಕುಡ್ಲ_ಗಾಮಾ:
ಮಾಡೆಲಿನಲ್ಲಿ ಡ್ರಾಕೋದ ಫ್ಲಕ್ಸ್ (ಬರುವ ಗಾಮಾದ ಪ್ರಮಾಣ) ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲ ಹಿನ್ನೆಲೆ, ಬೇರೆ ಮೂಲಗಳನ್ನು ಮತ್ತೆ ಫಿಟ್ ಮಾಡಿ. ಲಾಗ್ ಲೈಕ್ಲಿಹುಡ್ (ಮಾಡೆಲ್ ಡೇಟಾಕ್ಕೆ ಎಷ್ಟು ಹೊಂದುತ್ತದೆ ಅನ್ನುವ ಅಂಕ) ಗರಿಷ್ಠಕ್ಕಿಂತ 1.35 ಇಳಿದಲ್ಲಿ ನಿಲ್ಲಿಸಿ. ಅದೇ 95% ಮೇಲ್ಮಿತಿ. ಪ್ಲಾಟ್ ಇಲ್ಲೇ ಹಾಕಿ, ನೋಡುವ.