ಹಳೆಯ ಡೆಸ್ಕ್‌ಟಾಪ್ ಹೊತ್ತುಗೊತ್ತಿಲ್ಲದೆ ಕೈಕೊಡುತ್ತಿದೆ, ಎಲ್ಲಿಂದ ಹುಡುಕಲಿ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ಗೆ ಹತ್ತು ವರ್ಷ ದಾಟಿದೆ. ಇತ್ತೀಚೆಗೆ ಒಮ್ಮೆ ನೀಲಿ ಪರದೆ ಬಂದರೆ, ಇನ್ನೊಮ್ಮೆ ಏನೂ ಹೇಳದೆ ತಾನೇ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್ ಹೊಸದಾಗಿ ಹಾಕಿದರೂ ಗುಣವಾಗಲಿಲ್ಲ. ರಿಪೇರಿಯವರು ಮದರ್‌ಬೋರ್ಡ್ (ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಬೋರ್ಡ್) ಹೋಗಿದೆ ಎನ್ನುತ್ತಾರೆ. ಇಂಥದ್ದನ್ನು ಕಂಡವರು ಏನು ಮಾಡಿದಿರಿ?

ಉತ್ತರ: ವಿಂಡೋಸ್ ಹೊಸದಾಗಿ ಹಾಕಿದ ಮೇಲೂ ಅದೇ ಪಾಡು ಎಂದರೆ ಹಾರ್ಡ್‌ವೇರ್ ಮೇಲೆಯೇ ಅನುಮಾನ. ಆದರೆ ನೇರವಾಗಿ ಮದರ್‌ಬೋರ್ಡ್‌ಗೆ ಹಾರಬೇಡಿ. ಬೇರೆಲ್ಲವನ್ನೂ ತಳ್ಳಿಹಾಕಿದ ಮೇಲೆ ಉಳಿಯುವ ಹೆಸರು ಅದು. ಮೊದಲು ಬೇಕಾದ ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲಿಸಿಟ್ಟುಕೊಳ್ಳಿ. ಆಮೇಲೆ ಸ್ಟಾರ್ಟಪ್ ಅಂಡ್ ರಿಕವರಿ ಸೆಟ್ಟಿಂಗ್‌ನಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಆಯ್ಕೆಯನ್ನು ತೆಗೆದುಹಾಕಿ. ಆಗ ನೀಲಿ ಪರದೆ ನಿಂತಿರುತ್ತದೆ, ಅದರ ಮೇಲಿನ ಸಂಕೇತವನ್ನು ಬರೆದುಕೊಳ್ಳಬಹುದು. ಪ್ರತಿ ಸಲವೂ ಬೇರೆ ಬೇರೆ ಸಂಕೇತ ಬಂದರೆ ನಾನು ಮೊದಲು ನೋಡುವುದು ಯಂತ್ರದ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್. ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಕಂಡ ಕೂಡಲೇ ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಬದಲಿಸುವವರಿದ್ದಾರೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಯಾಕೆ ಎಂಬುದನ್ನು ಅದು ಹೇಳುವುದಿಲ್ಲ.

ಉತ್ತರ: ನನ್ನದರಲ್ಲಿ ತಪ್ಪು ರ‍್ಯಾಮ್‌ನದೇ. ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್‌ನ ಲೋಹವನ್ನು ಒಮ್ಮೆ ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಎರಡೂ ರ‍್ಯಾಮ್ ಪಟ್ಟಿಗಳನ್ನು ಹೊರತೆಗೆದೆ. ಹೊಂಬಣ್ಣದ ಅಂಚಿನ ಮೇಲೆ ಮಸುಕು ಕಟ್ಟಿತ್ತು. ಒರೆಸಿ, ಎರಡೂ ಬದಿಯ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆ. ಕೆಲವು ದಿನ ಸುಮ್ಮನಿದ್ದು ಮತ್ತೆ ಶುರುವಾಯಿತು. ಆಗ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಪರದೆಯ ತುಂಬ ಕೆಂಪು ಸಾಲುಗಳು. ನೆನಪಿಡಿ, ಒಂದೇ ಒಂದು ದೋಷ ಕಂಡರೂ ಅದು ಸರಿಯಲ್ಲ. ಒಂದೊಂದೇ ಪಟ್ಟಿಯನ್ನು ಹಾಕಿ, ಸ್ಲಾಟ್ ಬದಲಿಸಿ ಪರೀಕ್ಷಿಸಿ. ದೋಷ ಪಟ್ಟಿಯ ಹಿಂದೆ ಹೋದರೆ ರ‍್ಯಾಮ್ ಬದಲಿಸಿ; ಸ್ಲಾಟ್‌ನಲ್ಲೇ ಉಳಿದರೆ ಮಾತ್ರ ರಿಪೇರಿಯವರ ಮಾತಿಗೆ ಬೆಲೆ ಬಂತು.

ಉತ್ತರ: ನೀಲಿ ಪರದೆಯೂ ಇಲ್ಲದೆ ದಿಢೀರನೆ ಆರಿಹೋಗುವುದು, ಅದರಲ್ಲೂ ಆಟ ಆಡುವಾಗ, ವಿಡಿಯೊ ರೆಂಡರ್ ಮಾಡುವಾಗ ಆರುವುದು, ಎಸ್‌ಎಂಪಿಎಸ್ ಹಳತಾಗಿ ಸೋಲುತ್ತಿರುವ ಲಕ್ಷಣ. ಅದರ 12 ವೋಲ್ಟ್ ತಂತಿಯಲ್ಲಿ 11.4ರಿಂದ 12.6 ವೋಲ್ಟ್‌ವರೆಗೆ ಇರಬೇಕು. ಆದರೆ ಕ್ಷಣಮಾತ್ರದ ಕುಸಿತವನ್ನು ಮಲ್ಟಿಮೀಟರ್ ಹಿಡಿಯುವುದಿಲ್ಲ. ಗೆಳೆಯರ ಬಳಿಯಿಂದ ಒಂದು ಒಳ್ಳೆಯ ಎಸ್‌ಎಂಪಿಎಸ್ ತಂದು ಜೋಡಿಸಿ ನೋಡುವುದೇ ಮೇಲು. ಹಳೆಯದನ್ನು ಕಳಚಿದ ಮೇಲೆ ಅದರ ಪೆಟ್ಟಿಗೆಯನ್ನಂತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳು ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ. ಹಾಗೆಯೇ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಸುತ್ತ ನಿಂತಿರುವ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳನ್ನು ಟಾರ್ಚ್ ಹಿಡಿದು ನೋಡಿ. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ದ್ರವ ಒಸರಿದ್ದರೆ, ಬೋರ್ಡ್‌ನ ಆಯುಸ್ಸು ಮುಗಿಯುತ್ತಾ ಬಂದಿದೆ.

ಉತ್ತರ: ಎಲ್ಲರೂ ಬಿಸಿಯನ್ನು ಮರೆತಿರಿ. ಕೂಲರ್ ರೆಕ್ಕೆಗಳ ಸಂದಿನ ಧೂಳು ತೆಗೆಯಿರಿ (ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ), ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಿ. ಆದರೆ ಯಂತ್ರ ಸುಮ್ಮನೆ ಇದ್ದಾಗಲೂ ಕೈಕೊಡುತ್ತಿದ್ದರೆ ಇದು ಕಾರಣವಾಗಿರುವುದು ಕಡಿಮೆ.

ಉತ್ತರ: ಮೌಸ್ ಓಡಾಡುತ್ತದೆ, ಏನೂ ತೆರೆಯುವುದಿಲ್ಲ, ಡಿಸ್ಕ್ ದೀಪ ಆರುವುದೇ ಇಲ್ಲ ಎಂದಾದರೆ ಡಿಸ್ಕ್‌ನ ಆರೋಗ್ಯ ತೋರಿಸುವ ತಂತ್ರಾಂಶವಾದ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದ ಡಿಸ್ಕ್ ಭಾಗಗಳ) ಸಂಖ್ಯೆ ನೋಡಿ. ಅದು ಏರುತ್ತಿದ್ದರೆ ಡಿಸ್ಕ್‌ನ ನಂಬಿಕೆ ಬಿಡಿ. ಸಿಆರ್‌ಸಿ ದೋಷಗಳಷ್ಟೇ (ಮಾಹಿತಿ ಸಾಗುವಾಗ ಆಗುವ ತಪ್ಪುಗಳು) ಏರುತ್ತಿದ್ದರೆ ಮೊದಲು ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ.

ದುಡ್ಡಿನ ವಿಷಯದಲ್ಲಿ ನನ್ನ ಲೆಕ್ಕ ಹೀಗೆ: ಒಳ್ಳೆಯ ಎಸ್‌ಎಂಪಿಎಸ್, ಸಾಟಾ ಎಸ್‌ಎಸ್‌ಡಿ ಕೊಂಡರೆ ನಾಳೆ ಹೊಸ ಯಂತ್ರಕ್ಕೂ ಆಗುತ್ತವೆ. ಹಳೆಯ ತಲೆಮಾರಿನ ಡಿಡಿಆರ್3 ರ‍್ಯಾಮ್ ಹೊಸ ಬೋರ್ಡ್‌ಗೆ ಕೂರುವುದಿಲ್ಲ, ಆದ್ದರಿಂದ ಬಳಸಿದ ಪಟ್ಟಿ ಸಿಕ್ಕರೆ ಸಾಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಷ್ಟು ಹಳೆಯ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಹಾಗಾಗಿ ಈ ವಯಸ್ಸಿನ ಯಂತ್ರಕ್ಕೆ ಮದರ್‌ಬೋರ್ಡ್ ಹುಡುಕಿ ಹಾಕಿಸುವುದನ್ನು ನಾನಂತೂ ಮಾಡುವುದಿಲ್ಲ.