ಬೀದರಿ ಹೂಜಿ ಸ್ಕ್ಯಾನ್: ಉಬ್ಬು ತೆಗೆದ್ರ ಕುತ್ತಿಗಿ ಸಣ್ಣ ಆಗ್ತದ, ಯಾಕ?

ಪ್ರಶ್ನೆ (ಬೀದರ್)
ನಮಸ್ಕಾರ್ರಿ. 22 ಸೆಂ.ಮೀ. ಎತ್ತರದ, ಕಪ್ಪು ಲೋಹದಾಗ ಬೆಳ್ಳಿ ಎಳಿ ಕೂಡಿಸಿದ ತಾರ್‌ಕಶಿ ಹೂಜಿ, ಮೇಲ್ಮೈ ಸುಮಾರು 620 ಚದರ ಸೆಂ.ಮೀ. ಎರಡು 3ಡಿ ಸ್ಕ್ಯಾನ್ ಕೂಡಿಸಿದಾಗ 42 ಲಕ್ಷ ತ್ರಿಕೋನ ಬಂದಾವ. ಫೋನಿನಾಗ ತಿರುಗಿಸಿ ನೋಡಲಿಕ್ಕ 1 ಲಕ್ಷಕ್ಕ ಇಳಿಸಬೇಕು. ಬೆಳ್ಳಿ ಎಳಿ ಇದ್ದಲ್ಲೆಲ್ಲ ಮೆಶ್ (ತ್ರಿಕೋನಗಳ ಜಾಲ) 0.2 ಮಿ.ಮೀ. ಉಬ್ಬ್ಯದ. ಲಾಪ್ಲಾಸಿಯನ್ ಸ್ಮೂದಿಂಗ್ (ಮೈ ನುಣುಪು ಮಾಡೋ ವಿಧಾನ) 300 ಸಲ ಕೊಟ್ರ ಉಬ್ಬು ಹೋಯ್ತು, ಆದ್ರ ಕುತ್ತಿಗಿ ವ್ಯಾಸ ಅರ್ಧ ಮಿ.ಮೀ. ಇಳೀತು. ತ್ರಿಕೋನ ಕಡಿಮಿ ಮಾಡಿದ್ರ ಎರಡು ಸ್ಕ್ಯಾನ್ ಕೂಡಿದ ಗೆರಿ ಸೀಳ್ತದ. ಮೆಶ್‌ಲ್ಯಾಬ್ ಅನ್ನೋ ಸಾಫ್ಟ್‌ವೇರ್ ಬಳಸ್ತೀವಿ.

ಉತ್ತರ 1 (ಕಲಬುರಗಿ)
ಆ ಉಬ್ಬು ಹೂಜಿದಲ್ಲ, ಸ್ಕ್ಯಾನರ್‌ದು. ತಾರ್‌ಕಶಿಯಾಗ ಎಳಿ ಬಡಿದು ಕೂಡಿಸಿ, ಅರದಿಂದ ಮೈಗೆ ಸಮ ಮಾಡ್ತಾರ. ಕಪ್ಪು ಲೋಹ ಬೆಳಕು ನುಂಗ್ತದ, ಬೆಳ್ಳಿ ಕನ್ನಡಿಯಂಗ ಹೊಳೀತದ. ಅದಕ್ಕ ಎರಡೂ ಸೇರೋ ಅಂಚಿನಾಗ ಅಳತಿ ತಪ್ತದ. ಹಂಗಾಗಿ ಉಬ್ಬು ತೆಗೀರಿ, ಸಂಕೋಚ ಬ್ಯಾಡ.

ಲಾಪ್ಲಾಸಿಯನ್ ಪ್ರತಿ ಬಿಂದುವನ್ನ (ತ್ರಿಕೋನದ ಮೂಲಿ) ನೆರೆಬಿಂದುಗಳ ಸರಾಸರಿ ಕಡೆ ಎಳೀತದ. ಬಾಗು ಹೆಚ್ಚಿದ್ದಲ್ಲಿ ಎಳೆತನೂ ಹೆಚ್ಚು, ಅದಕ್ಕ ಹೊಟ್ಟಿಗಿಂತ ಕುತ್ತಿಗಿ ಮೊದಲ ಸೊರಗ್ತದ. ಟಾಬಿನ್ ಸ್ಮೂದಿಂಗ್ ಬಳಸ್ರಿ: ಒಳಗ ಎಳೆಯೋ ಪ್ರಮಾಣ ಲ್ಯಾಂಬ್ಡಾ 0.5, ಹೊರಗ ದಬ್ಬೋ ಪ್ರಮಾಣ ಮ್ಯೂ ‑0.53. ಒಂದು ಹೆಜ್ಜಿ ಒಳಗ ಎಳೆದು, ಮುಂದಿನ ಹೆಜ್ಜಿ ಹೊರಗ ದಬ್ತದ. ಆದ್ರ ಈ ಬೆಲೆಗಳಿಗೆ ತ್ರಿಕೋನದ ಅಂಚಿನ ಸುಮಾರು 9 ಪಟ್ಟು ಉದ್ದಕ್ಕಿಂತ ಅಗಲದ ಏರಿಳಿತ ಹಂಗೇ ಉಳೀತದ. ನಿಮ್ಮ ಅಂಚು ಸುಮಾರು 0.18 ಮಿ.ಮೀ. ಅಷ್ಟ, ಉಬ್ಬು ಹೋಗಲಿಕ್ಕ ಭಾಳ ಸಣ್ಣದು. ಮೊದಲ 12 ಲಕ್ಷಕ್ಕ ಇಳಿಸ್ರಿ, ಅಂಚು 0.35 ಆಗ್ತದ, ಆಮ್ಯಾಲ 50 ಸಲ ಕೊಡ್ರಿ. ಮುಗಿದ ಮ್ಯಾಲ ಮೂಲ ಮೆಶ್‌ಗೂ ಇದಕ್ಕೂ ಹೌಸ್‌ಡಾರ್ಫ್ ದೂರ (ಎರಡೂ ಮೈ ಎಷ್ಟು ಸರಿದಾವ ಅನ್ನೋ ಅಳತಿ) ಅಳೀರಿ. ಎಳಿ ಇಲ್ಲದ ಜಾಗದಾಗ 0.05 ಮಿ.ಮೀ. ದಾಟಿದ್ರ ಹೆಚ್ಚಾಯ್ತು ಅಂತ ತಿಳಕೊಳ್ರಿ.

ಉತ್ತರ 2 (ಯಾದಗಿರಿ)
ಸೀಳೋದು ಬ್ಯಾರೆ ರೋಗ. ಗೆರಿ ಮ್ಯಾಲೆ ಒಂದೇ ಜಾಗಕ್ಕ ಎರಡೆರಡು ಬಿಂದು ಅದಾವ, ಬೆಸೆದಿಲ್ಲ. ಕಣ್ಣಿಗೆ ಕೂಡಿದಂಗ ಕಾಣ್ತದ, ಲೆಕ್ಕಕ್ಕ ಅದು ಹರದ ಅಂಚು. 0.02 ಮಿ.ಮೀ. ಒಳಗಿನ ಬಿಂದು ಒಂದು ಮಾಡಿ, ಮೂರು ತ್ರಿಕೋನ ಹಂಚಿಕೊಂಡ ಅಂಚು ಸರಿಪಡಿಸಿ, ಆಮ್ಯಾಲ ಇಳಿಸ್ರಿ. ಇಳಿಸುವಾಗ ಗಡಿ ಉಳಿಸೋ ಆಯ್ಕಿ ಹಾಕ್ರಿ, ಇಲ್ಲಾಂದ್ರ ಬಾಯಿ ಅಂಚು ಕರಗ್ತದ.

ಒಂದು ಪರೀಕ್ಷಿ ಮಾಡ್ರಿ. ಬಿಂದುಗಳ ಸಂಖ್ಯೆಯಿಂದ ಅಂಚುಗಳ ಸಂಖ್ಯೆ ಕಳೆದು, ತ್ರಿಕೋನಗಳ ಸಂಖ್ಯೆ ಕೂಡಿಸ್ರಿ. ಹೊರಮೈ ಅಷ್ಟೇ ಸ್ಕ್ಯಾನ್ ಆಗಿ ಬಾಯಿ ಒಂದೇ ತೆರದಿದ್ರ ಲೆಕ್ಕ 1 ಅಂತ ಬರಬೇಕು. ಹೆಚ್ಚಿನ ಪ್ರತಿ ತೂತಿಗೆ 1, ಮೈಯೊಳಗ ಹೊಕ್ಕು ಇನ್ನೊಂದು ಕಡೆ ಹೊರಬರೋ ಪ್ರತಿ ಸುರಂಗಕ್ಕ 2 ಕಡಿಮಿ ಆಗ್ತದ. ತೂತು ಮುಚ್ಚಲಿಕ್ಕ ಪಾಯ್ಸನ್ (ಬಿಂದುಗಳಿಂದ ಇಡೀ ಮೈ ಹೊಸದಾಗಿ ಕಟ್ಟೋ ವಿಧಾನ) ಬಳಸಬ್ಯಾಡ್ರಿ, ಹೂಜಿ ಬಾಯಿನೂ ಮುಚ್ಚಿ ಬಲೂನ್ ಮಾಡ್ತದ.

ಪ್ರಶ್ನೆ ಕೇಳಿದವರು
ಸೀಳು ನಿಂತ್ರೀ, ಕುತ್ತಿಗಿನೂ ಉಳೀತು. ಆದ್ರ 1 ಲಕ್ಷದಾಗ ಬೆಳ್ಳಿ ಎಳಿ ತುಂಡು ತುಂಡು ಕಾಣ್ತಾವ.

ಉತ್ತರ 1
ಬಣ್ಣ ಬಿಂದುಗಳ ಮ್ಯಾಲೆ ಕೂತದ. 1 ಲಕ್ಷಕ್ಕ ಅಂಚು 1.2 ಮಿ.ಮೀ., ಎಳಿ ಅರ್ಧ ಮಿ.ಮೀ.; ಎರಡು ಬಿಂದು ನಡುವೆ ಎಳಿನೇ ಜಾರಿಹೋಗ್ತದ. ಯುವಿ ಬಿಚ್ಚಿ (ಮೈಯನ್ನ ಚಪ್ಪಟ ಹಾಳಿಯಂಗ ಹರಡಿ), 42 ಲಕ್ಷದ ಮೆಶ್‌ನಿಂದ ಬಣ್ಣವನ್ನ ಮೈಗೆ ಹೊದಿಸೋ 4096 × 4096 ಪಿಕ್ಸೆಲ್ ಚಿತ್ರಕ್ಕ, ಅಂದ್ರ ಟೆಕ್ಸ್ಚರ್‌ಗೆ ಇಳಿಸ್ರಿ. 70 ಪ್ರತಿಶತ ಜಾಗ ಬಳಕಿಯಾದ್ರೂ ಮಿ.ಮೀ.ಗೆ 13–14 ಪಿಕ್ಸೆಲ್, ಎಳಿಗೆ ಆರೇಳು ಸಿಗ್ತಾವ. ಫೈಲ್ ಎಸ್‌ಟಿಎಲ್‌ನಾಗ ಉಳಿಸಬ್ಯಾಡ್ರಿ, ಬಣ್ಣ ಹೋಗ್ತದ.