ಮನೆ ಕಸ, ಕರೆಂಟು, ಖರ್ಚು ಮೂರೂ ಕಮ್ಮಿ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ? (ಹಾಸನ)

ವಿದ್ಯಾನಗರದ ಸೊಸೆ

ಎಲ್ರಿಗೂ ನಮಸ್ಕಾರ. ನಾವಿರೋದು ಹಾಸನ, ವಿದ್ಯಾನಗರದ ಕಡೆ. ಮನೇಲಿ ಐದು ಜನ, ನಾನು, ನಮ್ಮನೆಯವ್ರು, ಎರಡು ಮಕ್ಳು, ನಮ್ಮತ್ತೆ. ಸ್ವಂತ ಮನೆ, ಹಿತ್ಲಲ್ಲಿ ಒಂದು ತೆಂಗಿನ ಮರ, ಒಂದು ಕರಿಬೇವು, ಮತ್ತೆ ನಮ್ಮತ್ತೆಯ ಬಚ್ಚಲ ಒಲೆ.

ವಿಷ್ಯ ಏನಂದ್ರೆ ಯುಗಾದಿಗೆ ಮನೆ ತೊಳೆಯೋವಾಗ ಅಟ್ಟದ ಮೇಲಿಂದ ಬರೀ ಕವರ್‌ಗಳೇ ಎರಡು ಮೂಟೆ ಇಳಿದ್ವು, ಹಾಲಿನ ಕವರು, ಬಟ್ಟೆ ಅಂಗಡಿ ಕವರು, ‘ಯಾವತ್ತಾದ್ರೂ ಬೇಕಾಗತ್ತೆ’ ಅಂತ ಎತ್ತಿಟ್ಟಿದ್ದು. ಅದೇ ತಿಂಗ್ಳು ಕರೆಂಟು 214 ಯೂನಿಟ್ ಆಗಿ ಗೃಹಜ್ಯೋತಿ (ಸರ್ಕಾರದ ಫ್ರೀ ಕರೆಂಟ್ ಯೋಜನೆ) ಹೋಗಿ ಪೂರ್ತಿ ಬಿಲ್ ಬಂತು. ಅವತ್ತೇ ಅನ್ಸಿದ್ದು, ಇನ್ಮೇಲೆ ಸ್ವಲ್ಪ ಹಿಡಿತದಲ್ಲಿ ಬದುಕ್ಬೇಕು ಅಂತ.

ಆದ್ರೆ ನಾನು ಮಾಡಿದ ಮೊದಲನೇ ಕೆಲ್ಸನೇ ಎಡವಟ್ಟು. ಆನ್‌ಲೈನಲ್ಲಿ ಬಿದಿರಿನ ಬ್ರಷ್, ಗಾಜಿನ ಡಬ್ಬಿ ಸೆಟ್ಟು, ಸ್ಟೀಲ್ ಸ್ಟ್ರಾ ಎಲ್ಲಾ ಸೇರಿ 3,800 ರೂಪಾಯಿ ಸುರಿದೆ. ಬಂದಿದ್ದು ಮೂರು ಸುತ್ತು ಗುಳ್ಳೆ ಪ್ಲಾಸ್ಟಿಕ್ಕಲ್ಲಿ. ನಮ್ಮತ್ತೆ ಒಂದೊಂದೇ ಬಿಚ್ಚಿ ನೋಡಿ, "ಅಲ್ಲ ಕಣವ್ವ, ಹಾರ್ಲಿಕ್ಸ್ ಬಾಟ್ಲು ಅಟ್ಟದ ಮೇಲೆ ಹತ್ತು ಕೂತಿದಾವೆ, ನೀನು ಗಾಜಿಗೆ ದುಡ್ಡು ಕೊಟ್ಟು ತಂದ್ಯಾ" ಅಂದ್ರು. ಸ್ಟ್ರಾ ನೋಡಿ, ಎಳನೀರು ಬುರುಡೆ ಎತ್ತಿ ಕುಡಿಯೋಕೇನು ಕೈ ನೋವಾ ಅಂತ ಮಕ್ಳನ್ನ ಕೇಳಿದ್ರು. ಉತ್ರ ಕೊಡೋಕೆ ನನ್ನತ್ರ ಏನೂ ಇರ್ಲಿಲ್ಲ.

ಎರಡನೇದು ಗೊಬ್ಬರ. ಹಳೇ ಪೇಂಟ್ ಬಕೆಟ್ಟಿಗೆ ತರಕಾರಿ ಸಿಪ್ಪೆ, ಮಿಕ್ಕಿದ ಅನ್ನ ಸಾರು ಎಲ್ಲಾ ಹಾಕಿ ಮುಚ್ಚಿಟ್ಟೆ. ಹತ್ತನೇ ದಿನಕ್ಕೆ ಮುಚ್ಚಳ ತೆಗೆದ್ರೆ ಬಿಳೀ ಹುಳ ಪಿತಪಿತ ಅಂತಿದಾವೆ, ನಾತ ಪಕ್ಕದ ಮನೆವರ್ಗೂ ಹೋಗಿದೆ.

ಮೂರನೇದು ನನಗೆ ನಿಜವಾಗ್ಲೂ ತಲೆನೋವು. ನಮ್ಮತ್ತೆ ಬೆಳಿಗ್ಗೆ ಐದೂವರೆಗೆ ಒಲೆ ಹಚ್ಚೋದೇ ಹಾಲಿನ ಕವರ್ ಹಾಕಿ, ಬೇಗ ಹತ್ಕೊಳ್ಳತ್ತೆ ಅಂತ. ಮೇಲೆ ಮಟ್ಟೆ, ಗರಿ. ಹೇಳಿದ್ರೆ "ಈ ಮನೆಗೆ ಬಂದಾಗ್ಲಿಂದ ಹಾಕ್ತಿದೀನಿ, ಏನಾಗಿದೆ" ಅಂತಾರೆ. ಆ ಒಲೆ ಬೂದಿನ ಜರಡಿ ಹಿಡಿದು ಡಬ್ಬದಲ್ಲಿಟ್ಟು ಪಾತ್ರೆ ಬೆಳಗ್ತಾರೆ, ಹುಳ ಬರ್ದಿರ್ಲಿ ಅಂತ ಅವರೆ ಗಿಡಕ್ಕೂ ಎರಚ್ತಾರೆ, ಏನೂ ವೇಸ್ಟ್ ಮಾಡಲ್ಲ ಅನ್ನೋದು ಅವರ ಹೆಮ್ಮೆ, ಅದು ನಿಜಾನೂ ಹೌದು.

ಹಂಗಾಗಿ ಭಾಷಣ ಬೇಡ, ದುಡ್ಡು ಹಾಕಿ ಏನೂ ತರಲ್ಲ ಅಂತ ತೀರ್ಮಾನ ಮಾಡಿದೀನಿ, ಮನೇಲಿ ಜಗಳ ಆಗ್ದಂಗೆ ಏನು ಮಾಡ್ಬಹುದು ಹೇಳಿ.

ಫ್ಯೂಸ್ ಕಟ್ಟೋನು

ಮೇಡಂ, ನಾನು ವೈರಿಂಗ್ ಕೆಲ್ಸದವ್ನು, ಹೊಳೆನರಸೀಪುರ. ಕರೆಂಟ್ ವಿಷ್ಯ ಮಾತ್ರ ಹೇಳ್ತೀನಿ.

ಮೊದ್ಲು ಒಂದು ರೂಪಾಯಿನೂ ಖರ್ಚಿಲ್ದೆ ಇರೋ ಕೆಲ್ಸ. ರಾತ್ರಿ ಮಲಗೋ ಮುಂಚೆ ಮನೇಲಿ ‘ಎಲ್ಲಾ ಆಫ್’ ಅಂತ ನೀವು ಅನ್ಕೊಂಡಿರೋ ಹೊತ್ತಲ್ಲಿ ಟಾರ್ಚ್ ತಗೊಂಡು ಹೋಗಿ ಮೀಟರ್ ನೋಡಿ. ಅದ್ರಲ್ಲೊಂದು ಸಣ್ಣ ಕೆಂಪು ಲೈಟ್ ಮಿನುಗ್ತಿರತ್ತೆ. ಪಕ್ಕದಲ್ಲಿ 3200 ಅಂತ ಬರ್ದಿದ್ರೆ ಅದು 3200 ಸಲ ಮಿನುಗಿದ್ರೆ ಒಂದು ಯೂನಿಟ್ ಅಂತ ಲೆಕ್ಕ, ಕೆಲವು ಮೀಟರಲ್ಲಿ ಬೇರೆ ನಂಬರ್ ಇರತ್ತೆ ನೋಡ್ಕೊಳ್ಳಿ. 3200 ಇದ್ದು 9 ಸೆಕೆಂಡಿಗೊಂದ್ಸಲ ಮಿನುಗಿದ್ರೆ 125 ವ್ಯಾಟ್ ಎಲ್ಲೋ ಹೋಗ್ತಿದೆ. ಅದು ಇಡೀ ದಿನ ಹಂಗೇ ಹೋದ್ರೆ ದಿನಕ್ಕೆ 3 ಯೂನಿಟ್, ತಿಂಗ್ಳಿಗೆ 90. ಎಲ್ಲಾ ಆಫ್ ಮಾಡಿ, ಒಂದೊಂದೇ ಆನ್ ಮಾಡ್ತಾ ಹೋಗಿ, ಕಳ್ಳ ಸಿಗ್ತಾನೆ.

ಗೀಸರ್ 2000 ವ್ಯಾಟಿಂದಾದ್ರೆ ಅರ್ಧ ಗಂಟೆಗೆ ಒಂದು ಯೂನಿಟ್. ಮಕ್ಳು ಆನ್ ಮಾಡಿ ಹಲ್ಲುಜ್ಕೊಂಡು ಮೊಬೈಲ್ ನೋಡ್ಕೊಂಡು ನಿಂತ್ರೆ ಒಂದು ಗಂಟೆ ಹಂಗೇ ಹೋಯ್ತು ಅಂತಿಟ್ಕೊಳ್ಳಿ. ಸೆಟ್ ಟಾಪ್ ಬಾಕ್ಸ್ ರಿಮೋಟಲ್ಲಿ ಆಫ್ ಮಾಡಿದ್ರೆ ಆಫ್ ಆಗಲ್ಲ, ಗೋಡೆ ಸ್ವಿಚ್ ಆಫ್ ಮಾಡಿ, 10 ವ್ಯಾಟ್ ಎಳೀತಿದ್ರೂ ತಿಂಗ್ಳಿಗೆ 7 ಯೂನಿಟ್. ಮೊಬೈಲ್ ಚಾರ್ಜರ್ ಸಾಕೆಟ್ಟಲ್ಲೇ ಇದೆ ಅಂತ ಮಕ್ಳಿಗೆ ಬೈಯೋರಿದಾರೆ, ಅದು ಲೆಕ್ಕಕ್ಕೇ ಬರಲ್ಲ, ಆ ಜಗಳ ಬಿಟ್ಬಿಡಿ.

ಗೃಹಜ್ಯೋತಿದು ಎಷ್ಟೋ ಜನಕ್ಕೆ ತಿಳೀದೇ ಕಷ್ಟ. 200 ಯೂನಿಟ್ ಎಲ್ರಿಗೂ ಫ್ರೀ ಅಲ್ಲ. 2022-23ರಲ್ಲಿ ನಿಮ್ ತಿಂಗ್ಳ ಸರಾಸರಿ 120 ಯೂನಿಟ್ ಇದ್ರೆ ಅದಕ್ಕೆ ನೂರಕ್ಕೆ 10 ಸೇರ್ಸಿ 132 ವರ್ಗೂ ಫ್ರೀ. 132 ದಾಟಿ 200ರ ಒಳಗಿದ್ರೆ ಮೇಲಿಂದಕ್ಕಷ್ಟೇ ದುಡ್ಡು. 200 ದಾಟಿದ್ರೆ ಪೂರ್ತಿ. ನೀವು 14 ಯೂನಿಟ್ಟಲ್ಲಿ ಜಾರಿದೀರ. ಬಿಲ್ ಬರೋ ಒಂದು ವಾರ ಮುಂಚೆ ಮೀಟರ್ ಕಡೆ ಕಣ್ಣು ಹಾಯ್ಸೋ ಅಭ್ಯಾಸ ಇಟ್ಕೊಳ್ಳಿ.

ಇನ್ನೊಂದು, ಕಮ್ಮಿ ಕರೆಂಟಿನ ಹೊಸ ಫ್ಯಾನ್ ತಗೊಳ್ಳಿ ಅಂತ ಯಾರಾದ್ರೂ ಹೇಳ್ತಾರೆ. ಹಳೇದು 75 ವ್ಯಾಟ್, ಅದು 30 ವ್ಯಾಟ್, ನಿಜ. ಆದ್ರೆ ನಮ್ ಹಾಸನದ ಚಳೀಲಿ ವರ್ಷಕ್ಕೆ ಎಷ್ಟು ತಿಂಗ್ಳು ಫ್ಯಾನ್ ಹಾಕ್ತೀರ? ಇರೋದು ಕೆಟ್ಟಾಗ ತಗೊಳ್ಳಿ ಸಾಕು.

ತಲೆಹರಟೆ 13

ದೊಡ್ ದೊಡ್ ಫ್ಯಾಕ್ಟ್ರಿಗಳು ಹೊಗೆ ಬಿಡ್ತಾ ಕೂತಿರ್ವಾಗ ನಾವು ಸೆಟ್ ಟಾಪ್ ಬಾಕ್ಸ್ ಆಫ್ ಮಾಡಿದ್ರೆ ಭೂಮಿ ಉಳಿಯತ್ತಾ ಗುರು 😂

ಫ್ಯೂಸ್ ಕಟ್ಟೋನು

ಭೂಮಿ ಗೊತ್ತಿಲ್ಲ ಗುರು, ಬಿಲ್ಲು ಇಳಿಯತ್ತೆ.

ಅರಸೀಕೆರೆ ಕೊಬ್ರಿ

ಅಕ್ಕ, ನಿಮ್ ಬಕೆಟ್ ಕಥೆ ಓದಿ ನಗು ಬಂತು, ಯಾಕಂದ್ರೆ ನಂದೂ ಮೊದಲನೇ ಬಕೆಟ್ ಹಂಗೇ ಆಗಿದ್ದು, ನಮ್ಮೆಜಮಾನ್ರು ರಾತ್ರೋರಾತ್ರಿ ತಗೊಂಡೋಗಿ ತೋಟದಲ್ಲಿ ಹೂತು ಬಂದಿದ್ರು.

ತಪ್ಪಾಗಿರೋದು ಎರಡೇ ಕಡೆ, ನೀರು ಜಾಸ್ತಿ, ಗಾಳಿ ಇಲ್ಲ. ಪೇಂಟ್ ಬಕೆಟ್ಟಿಗೆ ತಳದಲ್ಲೂ ಸುತ್ತಲೂ ಮೊಳೆ ಕಾಯ್ಸಿ ತೂತು ಹಾಕಿ. ಎರಡು ಇಟ್ಟಿಗೆ ಮೇಲೆ ಕೂರ್ಸಿ, ಕೆಳಗೊಂದು ತಟ್ಟೆ. ಸಾರು ಸುರೀಲೇಬೇಡಿ, ಅನ್ನ ಹಾಕಿದ್ರೂ ಬಸಿದು ಹಾಕಿ. ಒಂದು ಹಿಡಿ ಹಸಿ ಹಾಕಿದ್ರೆ ಎರಡು ಹಿಡಿ ಒಣಗಿದ್ದು ಬೀಳ್ಬೇಕು, ಒಣ ಎಲೆ ಆಗ್ಬಹುದು, ಮರಗೆಲ್ಸದವ್ರ ಹತ್ರ ಸಿಗೋ ಹೊಟ್ಟು ಆಗ್ಬಹುದು, ನಿಮ್ಮನೇಲೇ ಮಟ್ಟೆ ಇದೆಯಲ್ಲ, ಅದನ್ನ ಬಡಿದು ನಾರು ಬಿಡ್ಸುವಾಗ ಉದುರೋ ಪುಡಿನೇ ಸಾಕು, ದುಡ್ಡು ಕೊಟ್ಟು ಕೊಕೊಪಿಟ್ ಇಟ್ಟಿಗೆ ತರೋಕೆ ಹೋಗ್ಬೇಡಿ. ವಾರಕ್ಕೆ ಎರಡ್ಸಲ ಕೋಲಲ್ಲಿ ಕೆದಕಿ. ಹದ ನೋಡೋದು ಹೆಂಗಂದ್ರೆ ಒಂದು ಹಿಡಿ ತಗೊಂಡು ಬಿಗಿಯಾಗಿ ಹಿಂಡಿ, ಉಂಡೆ ಕಟ್ಬೇಕು ಆದ್ರೆ ಬೆರಳ ಸಂದಿಂದ ನೀರು ಇಳೀಬಾರ್ದು. ಇಳಿದ್ರೆ ಇನ್ನೂ ಒಣಗಿದ್ದು ಬೇಕು ಅಂತರ್ಥ. ಶುರೂಲಿ ಹುಳಿ ಮಜ್ಜಿಗೆ ಒಂದು ಲೋಟ ಚಿಮುಕ್ಸಿ ಬಿಟ್ರೆ ಬೇಗ ಕೊಳೆಯೋಕೆ ಹಿಡಿಯತ್ತೆ. ಕಾಫಿ ಚರಟ ಧಾರಾಳವಾಗಿ ಹಾಕಿ, ನಮ್ ಕಡೆ ಅದಕ್ಕೇನು ಬರ!

ಬಿಳೀ ಹುಳಕ್ಕೆ ಹೆದರ್ಬೇಡಿ. ಅವು ತಿಂದು ನಿಮ್ ಕೆಲ್ಸನೇ ಮಾಡ್ತಿದಾವೆ, ಒದ್ದೆ ಕಮ್ಮಿ ಆದಂಗೆ ಅವೂ ಕಮ್ಮಿ ಆಗ್ತಾವೆ. ಎರಡೂವರೆ ಮೂರು ತಿಂಗ್ಳಿಗೆ ಕಪ್ಪಗೆ ಮಣ್ಣು ವಾಸ್ನೆ ಬರತ್ತೆ.

ಅಕ್ಕಿ ತೊಳೆದಿದ್ದು, ಗಂಜಿ, ಬೇಳೆ ತೊಳೆದಿದ್ದು ಇವನ್ನ ಬಕೆಟ್ಟಿಗೆ ಯಾಕೆ ಹಾಕ್ತೀರ? ಅಕ್ಕಪಕ್ಕ ಹಸು ಕಟ್ಟಿರೋರು ಇದ್ರೆ ಮುಸುರೆ ಬಾನಿಗೆ ಹಾಕಿ. ಕವರಲ್ಲಿ ಕಟ್ಟಿ ಮಾತ್ರ ಕೊಡ್ಬೇಡಿ, ಹಸು ಕವರ್ ಸಮೇತ ನುಂಗಿಬಿಡತ್ತೆ.

ಸಂತೆ ಚೀಲ

ನಾವು ಮಂಗಳವಾರದ ಸಂತೆಗೆ ಹೋಗೋರು. ನಮ್ಮಮ್ಮ ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಒಂದ್ಕಡೆ ಹೊಲಿಗೆ ಹಾಕಿ ಚೀಲ ಮಾಡಿದಾರೆ, ಒಂದ್ರಲ್ಲಿ ಆಲೂಗಡ್ಡೆ, ಒಂದ್ರಲ್ಲಿ ಈರುಳ್ಳಿ, ಟೊಮೆಟೊಗೆ ಮಾತ್ರ ಸ್ಟೀಲ್ ಡಬ್ಬ. ಮಾಂಸದಂಗಡಿಗೂ ಮುಚ್ಚಳದ ಡಬ್ಬನೇ. ಮೊದಮೊದ್ಲು ಅಂಗಡಿಯವ್ರು ತೂಕದಲ್ಲಿ ಡಬ್ಬ ಕಳೆಯೋಕೆ ಗೊಣಗ್ತಿದ್ರು, ಈಗ ನಮ್ಮನ್ನ ನೋಡಿದ್ ತಕ್ಷಣ ಕೈ ಚಾಚ್ತಾರೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ 2016ರಲ್ಲೇ ನಿಷೇಧ ಆಗಿದ್ದು, ಆದ್ರೂ ಸೊಪ್ಪಿನವ್ರ ಹತ್ರ ಕಂತೆ ಕಂತೆ ಇರತ್ತೆ, ಯಾಕಂದ್ರೆ ನಾವು ಬರಿಗೈಯಲ್ಲಿ ಹೋಗ್ತೀವಿ.

ಪಿಂಚಣಿ ಮೇಷ್ಟ್ರು

ತಾಯಿ, ಇಲ್ಲಿ ಎಲ್ಲರೂ ಹಳೇ ಕಾಲ ಚೆನ್ನಾಗಿತ್ತು ಅನ್ನೋ ಕಡೆ ಹೋಗೋ ಮುಂಚೆ ಒಂದು ಮಾತು. ನಮ್ಮವ್ವ ಸೌದೆ ಒಲೆ ಮುಂದೆ ಕೂತು ಊದಿ ಊದಿ ಐವತ್ತಕ್ಕೆಲ್ಲ ಕೆಮ್ಮು ಹಿಡ್ಸ್ಕೊಂಡ್ರು. ಆ ಕಾಲದಲ್ಲಿ ಕಸ ಕಮ್ಮಿ ಇತ್ತು ಅಂದ್ರೆ ದುಡ್ಡೂ ಕಮ್ಮಿ ಇತ್ತು. ಅದನ್ನ ಪೂಜೆ ಮಾಡೋದು ಬೇಡ. ಬಚ್ಚಲ ಒಲೆ ಇರ್ಲಿ, ಆದ್ರೆ ಹೊಗೆ ಹೋಗೋಕೆ ಕೊಳವೆ ಸರಿಯಾಗಿದೆಯಾ ನೋಡಿ, ಚೆನ್ನಾಗಿ ಒಣಗಿರೋ ಮಟ್ಟೆ ಮಾತ್ರ ಹಾಕಿ, ಹಸಿ ಮಟ್ಟೆ ಉರಿಗಿಂತ ಹೊಗೆನೇ ಜಾಸ್ತಿ ಕೊಡತ್ತೆ.

ನಿಮ್ಮತ್ತೆಯವ್ರ ವಿಷ್ಯ. ಅವ್ರ ಹತ್ರ ಪರಿಸರ, ಮಾಲಿನ್ಯ ಅಂತೆಲ್ಲ ಮಾತಾಡ್ಬೇಡಿ, ಸೊಸೆ ಪಾಠ ಹೇಳೋಕೆ ಬಂದ್ಲು ಅನ್ಸತ್ತೆ. ನೀವೇ ಬರ್ದಿದೀರಲ್ಲ, ಆ ಬೂದೀಲಿ ಪಾತ್ರೆ ಬೆಳಗ್ತಾರೆ, ಅವರೆ ಗಿಡಕ್ಕೆ ಹಾಕ್ತಾರೆ ಅಂತ. ಕವರ್ ಉರಿದು ಕರಗಿ ಉಳಿಯೋದು, ಅದ್ರ ಮೇಲಿನ ಬಣ್ಣ, ಎಲ್ಲಾ ಅದೇ ಬೂದೀಲಿ ತಾನೇ ಇರೋದು? ಒಂದಿನ ಜರಡಿ ಹಿಡಿಯೋವಾಗ ಪಕ್ಕದಲ್ಲಿ ಕೂತ್ಕೊಳ್ಳಿ. ಕರ್ರಗೆ ಗಟ್ಟಿಯಾಗಿರೋ ಚೂರು ಸಿಗತ್ತೆ. ಇದೇನತ್ತೆ ಅಂತ ಕೇಳಿ. ಅಷ್ಟೇ ಕೇಳಿ, ಮುಂದಕ್ಕೆ ಮಾತಾಡ್ಬೇಡಿ.

ಒಲೆ ಹಚ್ಚೋಕೆ ತೆಂಗಿನ ಕರಟದ ಚೂರು, ಒಣಗಿದ ಕಿತ್ತಳೆ ಸಿಪ್ಪೆ ಎರಡೂ ಚುರುಕಾಗಿ ಹತ್ಕೋತಾವೆ.

ಸಕಲೇಶಪುರ ಜಡಿಮಳೆ

ಸೋಲಾರ್ ಹೀಟರ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ ಅಂತ ಬಂದೆ. ನಮ್ಮಲ್ಲಿ ಜೂನಿಂದ ಆಗಸ್ಟ್ ವರ್ಗೂ ಸೋಲಾರ್ ಹೀಟರ್ ಮೇಲೆ ಪಾಚಿ ಬೆಳೆಯತ್ತೆ ಬಿಟ್ರೆ ನೀರು ಕಾಯಲ್ಲ. ಹಾಸನದಲ್ಲಿ ನಡಿಯತ್ತೆ, ಆದ್ರೆ ನೀವು ದುಡ್ಡು ಹಾಕಲ್ಲ ಅಂದಿದೀರ, ಸೋ ಬಿಡಿ.

ನಾನು ಕೇಳ್ಬೇಕು ಅಂತಿರೋದು ಬೇರೆ. ಕಸ ಬೇರೆ ಮಾಡೋದು, ಬಕೆಟ್ ಕೆದಕೋದು, ಚೀಲ ಹೊಲಿಯೋದು, ಕವರ್ ತೊಳೆಯೋದು, ಮೀಟರ್ ನೋಡೋದು, ಇಷ್ಟೂ ಯಾರು ಮಾಡೋದು ಅಕ್ಕ? ನಿಮ್ಮನೆಯವ್ರ ಹೆಸ್ರು ಇಡೀ ಪೋಸ್ಟಲ್ಲಿ ಮನೆ ಲೆಕ್ಕದಲ್ಲಿ ಒಂದ್ಸಲ ಬಂದಿದ್ದು ಬಿಟ್ರೆ ಇಲ್ಲ. ನಮ್ಮನೇಲಿ ಈ ಹಸಿರು ಪಸಿರು ಅಂತ ಶುರು ಮಾಡಿ ಆರು ತಿಂಗ್ಳಿಗೆ ನಾನೇ ಒಣಗಿ ಹೋದೆ. ಈಗ ಬಕೆಟ್ ನನ್ ಗಂಡಂದು, ಗೀಸರ್ ಸ್ವಿಚ್ ಮಗಳದ್ದು. ಅವ್ರು ಮರೆತ್ರೆ ನಾನು ನೆನಪೂ ಮಾಡಲ್ಲ. ಬಕೆಟ್ ಎರಡ್ಸಲ ನಾತ ಬಂತು, ಮೂರನೇ ಸಲ ಅವ್ರೇ ಕಲ್ತ್ರು.

ವಿದ್ಯಾನಗರದ ಸೊಸೆ

ಐದು ವಾರ ಆಯ್ತು, ಏನಾಯ್ತು ಅಂತ ಹೇಳೋಕೆ ಬಂದೆ.

ಮೀಟರ್ ಕಳ್ಳ ಸಿಕ್ದ! ರಾತ್ರಿ ನಾನೂ ಮಗನೂ ಟಾರ್ಚ್ ಹಿಡ್ಕೊಂಡು ಹೋದ್ವಿ. ಕೆಳಗಡೆ ಎಲ್ಲಾ ಆಫ್ ಮಾಡಿದ್ರೂ ಮಿನುಗ್ತಾನೇ ಇದೆ. ಅವನು ಒಂದೊಂದೇ ಹುಡುಕ್ಕೊಂಡು ಹೋಗಿ ಮಹಡಿ ರೂಮಿಂದ ಕೂಗ್ದ, "ಅಮ್ಮಾ ಇಲ್ಲೊಂದು ಫ್ರಿಜ್ ಓಡ್ತಿದೆ". ಹೊಸ ಫ್ರಿಜ್ ತಂದಾಗ ಹಳೇದನ್ನ ಮೇಲಿಟ್ಟಿದ್ವಿ, ನಾನು ಅದು ಆಫ್ ಆಗಿದೆ ಅಂತಾನೇ ಅನ್ಕೊಂಡಿದ್ದೆ. ಒಳಗಿದ್ದಿದ್ದು ಎರಡು ಬಾಟ್ಲು ನೀರು, ಒಂದು ಹುಣಸೆಹಣ್ಣಿನ ಉಂಡೆ. ಎರಡು ಬಾಟ್ಲು ತಣ್ಣೀರಿಗೋಸ್ಕರ ಪೂರ್ತಿ ಬಿಲ್ ಕಟ್ಟಿದೀವಿ ನಾವು. ಈ ತಿಂಗ್ಳು 151 ಯೂನಿಟ್. ಫ್ರಿಜ್ ಆಫ್ ಮಾಡಿ, ಬಾಗ್ಲು ಕಳಚಿ ಪಕ್ಕಕ್ಕಿಟ್ಟು, ಮಕ್ಳು ಅದ್ರೊಳಗೆ ಹೋದ್ ವರ್ಷದ ಪುಸ್ತಕ ಜೋಡ್ಸಿದಾರೆ.

ಮೇಷ್ಟ್ರೇ, ನೀವು ಹೇಳಿದಂಗೇ ಜರಡಿ ಹತ್ರ ಕೂತೆ. ಕರೀ ಚೂರು ಸಿಕ್ತು, ಉಗುರಷ್ಟಿತ್ತು. ಇದೇನತ್ತೆ ಅಂದೆ. ಕೈಗೆ ತಗೊಂಡು ತಿಕ್ಕಿ ನೋಡಿದ್ರು, ಮೂಸಿ ನೋಡಿದ್ರು, ಏನೂ ಮಾತಾಡ್ಲಿಲ್ಲ. ಆ ಡಬ್ಬದ ಬೂದಿನೆಲ್ಲ ತಗೊಂಡೋಗಿ ಚೆಲ್ಲಿ ಬಂದ್ರು. ಎರಡು ದಿನ ಬಿಟ್ಟು ಬಟ್ಟೆ ಒಣಗಾಕೋಕೆ ಹೋಗ್ತೀನಿ, ತಂತಿ ತುಂಬಾ ಹಾಲಿನ ಕವರ್ ಕ್ಲಿಪ್ ಹಾಕಿ ನೇತಾಡ್ತಿದಾವೆ, ನನ್ ಬಟ್ಟೆಗೆ ಕ್ಲಿಪ್ಪೇ ಇಲ್ಲ. ಈಗ ಹಾಲಿನ ಕವರ್ ಮೂಲೆ ಪೂರ್ತಿ ಕತ್ತರಿಸಿ ಬಿಸಾಕಿದ್ರೆ ನಮಗೇ ಬೈಗುಳ, ಅರ್ಧ ಕತ್ತರಿಸಿ ಚೂರು ಅಲ್ಲೇ ನೇತಾಡ್ಬೇಕು, ಇಲ್ದಿದ್ರೆ ಆ ಚೂರು ಚರಂಡಿ ಸೇರತ್ತಂತೆ. ಅಟ್ಟದ ಮೂಟೆನೂ ಸೇರ್ಸಿ ನಾಲ್ಕು ಕೆಜಿ ಗುಜರಿಯವ್ನಿಗೆ ಹಾಕಿದ್ರು, ತಕ್ಕಡಿ ಸರಿಯಿಲ್ಲ ಅಂತ ಕಾಲು ಗಂಟೆ ಜಗಳ ಆಡಿ 40 ರೂಪಾಯಿ ಇಸ್ಕೊಂಡು ಸೆರಗಿಗೆ ಗಂಟು ಹಾಕ್ಕೊಂಡ್ರು.

ಬಿದಿರಿನ ಬ್ರಷ್ ಮಕ್ಳು ಬಾಯಿಗೆ ಚುಚ್ಚತ್ತೆ ಅಂದ್ರು. ಅದ್ರಲ್ಲಿ ಅತ್ತೆ ಈಗ ದೀಪದ ಕಂಬದ ಸಂದಿ ಉಜ್ತಾರೆ, ಬರೀ ಮಟ್ಟೆ ಬೂದಿ ಹಾಕ್ಕೊಂಡು, ತುಂಬಾ ಚೆನ್ನಾಗಿ ಹೋಗತ್ತಂತೆ.

ಅರಸೀಕೆರೆ ಕೊಬ್ರಿ

ಬಕೆಟ್ ಏನಾಯ್ತಕ್ಕ, ಅದನ್ನೇ ಹೇಳ್ಲಿಲ್ವಲ್ಲ?

ವಿದ್ಯಾನಗರದ ಸೊಸೆ

ಸಕಲೇಶಪುರದವ್ರ ಮಾತು ಕೇಳಿ ನಮ್ಮನೆಯವ್ರಿಗೆ ವಹಿಸಿದೀನಿ. ನಾತ ನಿಂತಿದೆ. ಕೆದಕೋವಾಗ ಇನ್ನೂ ಮೂಗಿಗೆ ಟವೆಲ್ ಕಟ್ಕೋತಾರೆ, ಕೇಳಿದ್ರೆ ಅಭ್ಯಾಸ ಆಗಿದೆ ಅಂತಾರೆ.